ಮುಚ್ಚಿದ ಪೆಟ್ಟಿಗೆಯ ಧಾರಣೆ

ಯಳವಿಯಿಂದ ಉಮದಿಯವರೆಗೆ ಮಹಾರಾಷ್ಟ್ರದ ಜತ್ತ ತಾಲೂಕಿನ ಒಕ್ಕಲು ಮನೆಗಳಿಗೆ ಮಾಲು ಕಟ್ಟಿಟ್ಟು ದರಕ್ಕಾಗಿ ಕಾಯುವುದು ಹೊಸ ಸಂಗತಿಯಲ್ಲ. ಬೇಸಿಗೆ ಹೊಸ್ತಿಲಲ್ಲಿ ದ್ರಾಕ್ಷಿ ಕೊಯ್ದು, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಗೊನೆಗಳನ್ನು ಅದ್ದಿ ತೆಗೆದು, ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಬಿಗಿದ ಬಲೆಯ ಮೇಲೆ ಹರವುತ್ತಾರೆ. ನೆರಳಿನಲ್ಲಿ ಹದಿನೈದು ದಿನ ಒಣಗಿದರೆ ಸುಮಾರು ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಒಣದ್ರಾಕ್ಷಿ. ಪೇಟೆಯ ಮಾತಿನಲ್ಲಿ ಅದು ಬೇದಾಣಾ. ದರ ಹಿಡಿಸದಿದ್ದರೆ 15 ಕಿಲೊ ಪೆಟ್ಟಿಗೆಗಳಲ್ಲಿ ತುಂಬಿ ತಾಸಗಾಂವ, ಸಾಂಗ್ಲಿ ಇಲ್ಲವೇ ವಿಜಯಪುರದ ಕೋಲ್ಡ್ ಸ್ಟೋರೇಜಿಗೆ ಕಳಿಸಿ, ದೀಪಾವಳಿ ಹತ್ತಿರವಾಗುವವರೆಗೆ ಕಾಯುತ್ತಾರೆ. ತಂಪಿನಲ್ಲಿ ಇಟ್ಟರೆ ಕಾಳಿನ ಹಸಿರು ಉಳಿಯುತ್ತದೆ. ಹೊರಗೆ ಬಿಟ್ಟರೆ ಕಂದಾಗುತ್ತದೆ, ಕಂದಾದ ಮಾಲಿಗೆ ಲಿಲಾವಿನಲ್ಲಿ ಬೇರೆಯೇ ದರ.

ಇಂಥದೇ ಕಾಯುವಿಕೆ ಈಗ ಮಕ್ಕಳ ಆಟಿಕೆಗೂ ಬಂದಿದೆ. ಡೆನ್ಮಾರ್ಕಿನ ಬಿಲುಂಡ್ ಊರಿನ ಲೆಗೊ ಕಂಪನಿ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸಿ ಕಟ್ಟುವ ಸೆಟ್ಟುಗಳನ್ನು ತಯಾರಿಸುತ್ತದೆ. ಒಂದು ಸೆಟ್ಟು ಸಾಮಾನ್ಯವಾಗಿ ಒಂದೆರಡು ವರ್ಷ ಅಂಗಡಿಯಲ್ಲಿದ್ದು ನಿಂತುಹೋಗುತ್ತದೆ, ಅದರ ಜಾಗಕ್ಕೆ ಹೊಸದು ಬರುತ್ತದೆ. ನಿಲ್ಲುವ ಮುನ್ನ ಅಂಗಡಿಯವರು ಉಳಿದ ಮಾಲನ್ನು ರಿಯಾಯಿತಿಯಲ್ಲಿ ಬಿಡುವುದುಂಟು. ಆ ಹೊತ್ತಿಗೆ ಕೊಂಡು, ಸೀಲ್ ಒಡೆಯದೆ ಕಪಾಟಿನಲ್ಲಿ ಇಟ್ಟು, ತಯಾರಿಕೆ ನಿಂತು ಎರಡು ಮೂರು ವರ್ಷ ಕಳೆದ ಮೇಲೆ ಮಾರಿದರೆ ಒಳ್ಳೆಯ ಲಾಭ ಎಂಬ ಮಾತು ಫೋನಿನಿಂದ ಫೋನಿಗೆ ಹರಿದು ಬರುತ್ತಿದೆ. ಕೈಯಲ್ಲಿ ಸ್ವಲ್ಪ ದುಡ್ಡಿರುವ ಯುವಕರು ಇದನ್ನು ಚಿನ್ನ, ಷೇರುಗಳ ಸಾಲಿಗೆ ಸೇರಿಸಿ ನೋಡತೊಡಗಿದ್ದಾರೆ.

ಈ ಮಾತಿಗೆ ಬುಡವೇ ಇಲ್ಲ ಎನ್ನುವಂತಿಲ್ಲ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ವಿಕ್ಟೋರಿಯಾ ಡೊಬ್ರಿನ್ಸ್ಕಾಯಾ ಮತ್ತು ಜೂಲಿಯಾ ಕಿಶಿಲೋವಾ 1987ರಿಂದ 2015ರವರೆಗಿನ 2,300ಕ್ಕೂ ಹೆಚ್ಚು ಸೆಟ್ಟುಗಳ ದರವನ್ನು ಲೆಕ್ಕ ಹಾಕಿದರು. ಸೀಲ್ ಒಡೆಯದ ಸೆಟ್ಟುಗಳು ಸರಾಸರಿ ವರ್ಷಕ್ಕೆ ಶೇ 11ರಷ್ಟು ಗಳಿಕೆ ತಂದಿದ್ದವು. ಆದರೆ ಅದೇ ಅಧ್ಯಯನದಲ್ಲಿ ವರ್ಷಕ್ಕೆ ಶೇ 600 ಮೀರಿ ಏರಿದ ಸೆಟ್ಟುಗಳೂ ಇದ್ದವು, ಶೇ 50ರಷ್ಟು ಕಳೆದುಕೊಂಡವೂ ಇದ್ದವು. ತೀರ ಚಿಕ್ಕವು ಮತ್ತು ತೀರ ದೊಡ್ಡವು ಚೆನ್ನಾಗಿ ಏರಿದವು, ನಡುವಿನವು ಹಿಂದೆ ಬಿದ್ದವು. ಹರಿದಾಡುವ ಸಂದೇಶಗಳು ಎತ್ತಿ ಹೇಳುವುದು 11 ಎಂಬ ಅಂಕಿಯನ್ನು ಮಾತ್ರ.

ಸರಾಸರಿಗಿಂತ ಮೊದಲು ಕೇಳಬೇಕಾದದ್ದು, ಆ ದರ ಹುಟ್ಟುವುದು ಎಲ್ಲಿಂದ ಎಂಬುದನ್ನು. ಒಣದ್ರಾಕ್ಷಿಯ ಮಟ್ಟಿಗೆ ಉತ್ತರ ಸ್ಪಷ್ಟ. ಹಬ್ಬಕ್ಕೆ ಲಾಡು, ಪಾಯಸ, ಮದುವೆಗೆ ಶಿರಾ ಎಂದು ಜನ ಅದನ್ನು ತಿಂದು ಮುಗಿಸುತ್ತಾರೆ, ಮುಗಿದದ್ದಕ್ಕೆ ಮತ್ತೆ ಬೇಡಿಕೆ ಬರುತ್ತದೆ. ಲೆಗೊ ಸೆಟ್ಟಿನ ದರವೂ ಹೀಗೆಯೇ ಹುಟ್ಟಿದ್ದು. ತೊಂಬತ್ತರ ದಶಕದಲ್ಲಿ ಅದನ್ನು ಕೊಂಡ ಮನೆಗಳಲ್ಲಿ ಮಕ್ಕಳು ಪೆಟ್ಟಿಗೆ ಹರಿದರು, ಇಟ್ಟಿಗೆಗಳನ್ನು ಬೇರೆ ಸೆಟ್ಟಿನೊಂದಿಗೆ ಬೆರೆಸಿದರು, ಅರ್ಧ ಕಳೆದರು. ಯಾರದೋ ಅಟ್ಟದಲ್ಲಿ ಮರೆತು ಉಳಿದ ನಾಲ್ಕು ಪೆಟ್ಟಿಗೆಗಳಿಗೆ ಇಪ್ಪತ್ತು ವರ್ಷದ ನಂತರ ಬೆಲೆ ಬಂದದ್ದು ಉಳಿದ ಸಾವಿರಾರು ಪೆಟ್ಟಿಗೆಗಳನ್ನು ಮಕ್ಕಳು ತೆರೆದಿದ್ದರಿಂದ. ಕೊಂಡವರೆಲ್ಲ ಕಪಾಟಿನಲ್ಲೇ ಇಟ್ಟುಕೊಂಡರೆ ಕೊರತೆ ಎಲ್ಲಿಂದ ಬರಬೇಕು? ಅಧ್ಯಯನ ಅಳೆದದ್ದರಲ್ಲಿ ಬಹುಪಾಲು, ಕೂಡಿಟ್ಟು ಮಾರುವ ಉದ್ದೇಶ ಅಪರೂಪವಾಗಿದ್ದ ಕಾಲದ ಸೆಟ್ಟುಗಳು. ಇಂದು ಕೂಡಿಡುವವರೇ ಒಂದು ಮಾರುಕಟ್ಟೆಯಷ್ಟಿದ್ದಾರೆ.

ತಾಸಗಾಂವ ಪೇಟೆಯಲ್ಲಿ ಹೊಸ ಹಂಗಾಮು ಶುರುವಾಗುವ ಮುನ್ನ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಕೋಲ್ಡ್ ಸ್ಟೋರೇಜುಗಳಲ್ಲಿ ಹಳೆ ಮಾಲು ಎಷ್ಟಿದೆ? ಹಳೆ ಮಾಲು ಹೆಚ್ಚಿದ್ದರೆ ಹೊಸದರ ದರ ಏಳುವುದಿಲ್ಲ. ಅಡತಿಯವರು, ದಲಾಲರು, ರೈತರು ಅಂದಾಜನ್ನಾದರೂ ಹಾಕುತ್ತಾರೆ, ಏಕೆಂದರೆ ಮಾಲು ಇರುವ ಕಟ್ಟಡಗಳು ಕಣ್ಣಿಗೆ ಕಾಣುತ್ತವೆ. ಪುಣೆಯ ಫ್ಲ್ಯಾಟುಗಳಲ್ಲಿ, ಬೆಂಗಳೂರಿನ ಮಂಚದ ಕೆಳಗೆ, ಅಮೆರಿಕದ ಗ್ಯಾರೇಜುಗಳಲ್ಲಿ ಎಷ್ಟು ಮುಚ್ಚಿದ ಪೆಟ್ಟಿಗೆಗಳು ದರಕ್ಕಾಗಿ ಕಾಯುತ್ತಿವೆ ಎಂಬುದನ್ನು ಯಾರೂ ಎಣಿಸಲಾರರು. ಆಟಿಕೆಗೆ ದುಡ್ಡು ಹಾಕಲು ಹೊರಟ ಸಾಮಾನ್ಯ ಮನೆಯವರು ಮೊದಲು ಅಂಜಬೇಕಾದದ್ದು ಇದಕ್ಕೆ.

ಹೀಗೆ ಅಡಗಿದ ಮಾಲು ಒಮ್ಮೆಗೇ ಹೊರಬಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ಒಮ್ಮೆ ನೋಡಿದೆ. ಟೈ ಎಂಬ ಕಂಪನಿಯ ಬೀನಿ ಬೇಬಿ ಗೊಂಬೆಗಳು ತೊಂಬತ್ತರ ದಶಕದಲ್ಲಿ ಹುಚ್ಚು ಹಿಡಿಸಿದ್ದವು. ಕಂಪನಿ ಆಗಾಗ ಒಂದೊಂದು ಗೊಂಬೆಯನ್ನು ನಿಲ್ಲಿಸಿದಾಗ ಅದರ ಬೆಲೆ ಜಿಗಿಯುತ್ತಿತ್ತು. ಮಕ್ಕಳ ಕಾಲೇಜು ಖರ್ಚಿಗಾಗುತ್ತದೆಂದು ಮನೆಮಂದಿ ಗೊಂಬೆ ಕೂಡಿಟ್ಟರು. 1999ರಲ್ಲಿ ಲಾಸ್ ವೇಗಸ್ಸಿನ ನ್ಯಾಯಾಲಯವೊಂದರಲ್ಲಿ ವಿಚ್ಛೇದನ ಪಡೆದ ಗಂಡ ಹೆಂಡತಿ ನ್ಯಾಯಾಧೀಶರ ಮುಂದೆ ನೆಲದ ಮೇಲೆ ಕುಳಿತು, ಗೊಂಬೆಗಳನ್ನು ಒಂದೊಂದಾಗಿ ಪಾಲು ಮಾಡಿಕೊಂಡರು. ಅದೇ ವರ್ಷದ ಕೊನೆಗೆ ಎಲ್ಲ ಗೊಂಬೆಗಳನ್ನೂ ನಿಲ್ಲಿಸುವುದಾಗಿ ಕಂಪನಿ ಹೇಳಿತು. ಬೆಲೆ ಕೊನೆಗೆ ಕುಸಿಯಿತು. ಎಲ್ಲರ ಮನೆಯಲ್ಲೂ ಅದೇ ಗೊಂಬೆ, ಅದೇ ಹೊಳೆಯುವ ಚೀಟಿಯೊಂದಿಗೆ, ಸುರಕ್ಷಿತವಾಗಿ ಇತ್ತು.

ನಿಲ್ಲಿಸುವವರೇ ಮತ್ತೆ ತಯಾರಿಸಲೂಬಹುದು. ಭಾರತೀಯರಿಗೆ ಹತ್ತಿರದ ಉದಾಹರಣೆಯೇ ಇದೆ. ಲೆಗೊ 2008ರಲ್ಲಿ 5,922 ಇಟ್ಟಿಗೆಗಳ ತಾಜ್ ಮಹಲ್ ಹೊರತಂದಿತು, ಅಮೆರಿಕದಲ್ಲಿ ಅದರ ಬೆಲೆ 300 ಡಾಲರ್. ತಯಾರಿಕೆ ನಿಂತ ಮೇಲೆ ಮುಚ್ಚಿದ ಪೆಟ್ಟಿಗೆ ಸಾವಿರಾರು ಡಾಲರಿಗೆ ಕೈ ಬದಲಾಯಿಸಿತು, ಲೆಗೊದಲ್ಲಿ ದುಡ್ಡಿದೆ ಎನ್ನುವವರೆಲ್ಲ ತೋರಿಸುತ್ತಿದ್ದ ಪೆಟ್ಟಿಗೆ ಅದೇ. 2017ರ ನವೆಂಬರಿನಲ್ಲಿ ಕಂಪನಿ ಹೆಚ್ಚುಕಡಿಮೆ ಅದೇ ಸೆಟ್ಟನ್ನು, ಒಂದೇ ಒಂದು ಇಟ್ಟಿಗೆ ಹೆಚ್ಚು ಸೇರಿಸಿ, 370 ಡಾಲರಿಗೆ ಮತ್ತೆ ಅಂಗಡಿಗೆ ಬಿಟ್ಟಿತು. ಸಾವಿರಾರು ಡಾಲರ್ ಕೊಟ್ಟು ಕೊಂಡು ಕೂತವರ ಗಂಟು ಕರಗಿತು. ಕಂಪನಿ ತಪ್ಪು ಮಾಡಿತೆನ್ನಲು ಬರುವುದಿಲ್ಲ. ಅದು ಆಟಿಕೆ ತಯಾರಿಸುವ ಕಂಪನಿ, ಬೇಡಿಕೆ ಕಂಡಾಗ ತಯಾರಿಸುತ್ತದೆ. ದ್ರಾಕ್ಷಿಯ ಕೊರತೆಯನ್ನು ಅಕಾಲ ಮಳೆ, ಡೌನಿ ರೋಗ ತರುತ್ತವೆ. ಸೆಟ್ಟಿನ ಕೊರತೆ ಬಿಲುಂಡಿನ ಒಂದು ಕಚೇರಿಯ ತೀರ್ಮಾನ, ಅದನ್ನು ಹಿಂತೆಗೆದುಕೊಳ್ಳಲು ಇನ್ನೊಂದು ಸಭೆ ಸಾಕು.

ಕೃಷ್ಣಾ ತೀರದವರಿಗೆ ಕೂಡಿಡುವುದರ ಅಪಾಯ ಗೊತ್ತಿಲ್ಲದ್ದಲ್ಲ. ಸಾಂಗ್ಲಿ ಪಕ್ಕದ ಹರಿಪುರದಲ್ಲಿ, ಕೃಷ್ಣೆಗೆ ವಾರಣಾ ಸೇರುವಲ್ಲಿ, ನೆಲದಾಳದ ಹಗೇವುಗಳಲ್ಲಿ ಅರಿಶಿನವನ್ನು ವರ್ಷಗಟ್ಟಲೆ ಇಡುತ್ತಿದ್ದರು. ಬಾಯಿ ಮುಚ್ಚಿದ ಹಗೇವಿನೊಳಗೆ ಗಾಳಿ ಆಡದು, ಹುಳ ಹತ್ತದು, ಬಣ್ಣ ಕೆಡದು. 2005ರ ಪ್ರವಾಹದಲ್ಲಿ ಆ ಹಗೇವುಗಳಿಗೆ ನೀರು ನುಗ್ಗಿತು, ಆಮೇಲೆ ವ್ಯಾಪಾರ ಗೋದಾಮುಗಳತ್ತ ಸರಿಯಿತು. ದರದ ಕಥೆಯೂ ಹಾಗೆಯೇ. 2010ರಲ್ಲಿ ಕ್ವಿಂಟಲಿಗೆ 15 ಸಾವಿರ ರೂಪಾಯಿ ದಾಟಿದ್ದ ಅರಿಶಿನ ಎರಡು ವರ್ಷದಲ್ಲಿ 5 ಸಾವಿರಕ್ಕಿಂತ ಕೆಳಗಿಳಿಯಿತು. ಇಷ್ಟಾದರೂ ಅರಿಶಿನ, ಬೇದಾಣಾ ಇಟ್ಟವರ ಬೆನ್ನಿಗೆ ಒಂದು ವ್ಯವಸ್ಥೆ ಇದೆ. ಮಹಾರಾಷ್ಟ್ರ ರಾಜ್ಯ ಕೃಷಿ ಪಣನ ಮಂಡಳಿಯ ಅಡಮಾನ ಸಾಲದ ಯೋಜನೆ 1990-91ರಿಂದ ನಡೆಯುತ್ತಿದೆ. ಬಾಜಾರ ಸಮಿತಿಯ ಗೋದಾಮಿನಲ್ಲಿ ಮಾಲಿಟ್ಟರೆ ಅದರ ಮೇಲೆ ಸಾಲ ಸಿಗುತ್ತದೆ, ಕಾಯುವ ದಿನಗಳಲ್ಲಿ ಮನೆ ನಡೆಯುತ್ತದೆ. ಸೀಲ್ ಮಾಡಿದ ಆಟಿಕೆ ಪೆಟ್ಟಿಗೆ ತೋರಿಸಿದರೆ ಯಾವ ಸೊಸೈಟಿಯೂ ಸಾಲ ಕೊಡುವುದಿಲ್ಲ.

ಇನ್ನು ಲೆಕ್ಕ. 10 ಸಾವಿರ ರೂಪಾಯಿ ಮುಖಬೆಲೆಯ ಸೆಟ್ಟು ಶೇ 30 ರಿಯಾಯಿತಿಯಲ್ಲಿ 7 ಸಾವಿರಕ್ಕೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಐದು ವರ್ಷದ ನಂತರ 13 ಸಾವಿರಕ್ಕೆ ಗಿರಾಕಿ ಸಿಕ್ಕರೂ ಮಾರಿಕೊಡುವ ತಾಣದ ಕಮಿಷನ್, ಕೊರಿಯರ್, ಪ್ಯಾಕಿಂಗ್ ಸೇರಿ 2 ಸಾವಿರ ಹೋದರೆ ಕೈಗೆ 11 ಸಾವಿರ, ಅಂದರೆ ವರ್ಷಕ್ಕೆ ಸುಮಾರು ಶೇ 9.5. ಅದೇ 7 ಸಾವಿರವನ್ನು ಶೇ 7ರ ಠೇವಣಿಯಲ್ಲಿಟ್ಟರೆ ಏನೂ ಮಾಡದೆ ಸುಮಾರು 9,800 ರೂಪಾಯಿ ಆಗುತ್ತದೆ. ನಡುವಿನ 1,200 ರೂಪಾಯಿಗಾಗಿ ಐದು ಬೇಸಿಗೆ ಆ ಪೆಟ್ಟಿಗೆಯನ್ನು ಕಾಯಬೇಕು. ಜತ್ತದ ಏಪ್ರಿಲ್ ಬಿಸಿಲಿನಲ್ಲಿ ಪತ್ರಾಸಿನ ಮನೆಯೊಳಗೆ ರಟ್ಟು ಡೊಂಕಾಗುತ್ತದೆ, ಸೀಲಿನ ಅಂಟು ಬಿಡುತ್ತದೆ. ಮಳೆಗಾಲದಲ್ಲಿ ತೇವಕ್ಕೆ ಮೂಲೆ ಮೆತ್ತಗಾಗುತ್ತದೆ, ಇಲಿ, ಗೆದ್ದಲು ಬೇರೆ. ಒಳಗಿನ ಇಟ್ಟಿಗೆಗೆ ಏನೂ ಆಗಿರದಿದ್ದರೂ ಒಂದು ಮೂಲೆ ಜಜ್ಜಿದ ಪೆಟ್ಟಿಗೆಗೆ ಸಂಗ್ರಾಹಕರು ದರ ಇಳಿಸುತ್ತಾರೆ. 10 ಸಾವಿರಕ್ಕೆ ಮಾರಬೇಕಾಗಿ ಬಂದರೆ ಉಳಿಯುವುದು 8 ಸಾವಿರ, ಠೇವಣಿಗಿಂತ ಕಡಿಮೆ.

ಗಿರಾಕಿ ಸಿಗುವುದೂ ಸುಲಭವಲ್ಲ. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಇಲ್ಲಿಯ ಮುಖಬೆಲೆಯೇ ಹೊರಗಿನದಕ್ಕಿಂತ ಹೆಚ್ಚಿದ್ದರೆ ಶೇ 30ರ ರಿಯಾಯಿತಿ ಎಷ್ಟೋ ಸಲ ಅಲ್ಲಿಯ ಮಾಮೂಲಿ ಬೆಲೆಗೆ ತಂದು ನಿಲ್ಲಿಸುತ್ತದೆ ಅಷ್ಟೇ. ಅದನ್ನು ಮತ್ತೆ ಹೊರದೇಶದ ಸಂಗ್ರಾಹಕರಿಗೆ ಮಾರಿ ಗೆಲ್ಲುವುದು ಕಷ್ಟ. ದೇಶದೊಳಗೆ ಕೊಳ್ಳುವವರು ಇರುವುದು ಮುಂಬೈ, ಪುಣೆ, ಬೆಂಗಳೂರಿನಂಥ ಊರುಗಳಲ್ಲಿ. ಲೆಗೊ ಪ್ರಮಾಣೀಕರಿಸಿದ ದೇಶದ ಮೊದಲ ಅಂಗಡಿ ಗುರುಗ್ರಾಮದಲ್ಲಿ ತೆರೆದದ್ದೇ 2025ರಲ್ಲಿ. ಶ್ರೀಮಂತ ಮಾರುಕಟ್ಟೆಯ ಸರಾಸರಿಯನ್ನು ಇಲ್ಲಿಗೆ ತಂದು ಮನೆಯ ಉಳಿತಾಯವನ್ನು ಅದಕ್ಕೆ ಕಟ್ಟುವುದು ತಪ್ಪು ಎಂದು ಖಂಡಿತವಾಗಿ ಹೇಳಬೇಕು.

ಈ ಸೀಮೆಯಲ್ಲಿ ಅಪರೂಪಕ್ಕೆ ಬೆಲೆ ಬರುವುದೇ ಇಲ್ಲ ಎಂದಲ್ಲ. ಜತ್ತ ತಾಲೂಕಿನ ಮಾಡಗ್ಯಾಳ ಹೆಸರಿನ ಕುರಿ ತಳಿ ಬಾಗಿದ ಮೂಗಿನಿಂದಲೇ ಪ್ರಸಿದ್ಧ. 2020ರ ಡಿಸೆಂಬರಿನಲ್ಲಿ ಪಕ್ಕದ ಆಟಪಾಡಿಯ ಸರ್ಜಾ ಎಂಬ ಟಗರಿಗೆ 70 ಲಕ್ಷ ರೂಪಾಯಿಯ ಕೇಳಿಕೆ ಬಂದು, ಒಡೆಯ ಒಂದೂವರೆ ಕೋಟಿ ಹೇಳಿ ಕೊಡದೆ ಉಳಿಸಿಕೊಂಡದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆ ದರ ನಂಬುವಂಥದ್ದೇ ಎಂಬುದು ಬೇರೆ ಮಾತು. ಆದರೆ ಟಗರು ಮಾರಾಟವಾಗದೆ ಉಳಿದರೂ ಮರಿಗಳಿಂದ ಆದಾಯ ಬರುತ್ತದೆ. ಭೂಮಿ ಬೆಳೆ ಕೊಡುತ್ತದೆ, ಠೇವಣಿ ಬಡ್ಡಿ ಕೊಡುತ್ತದೆ. ಮುಚ್ಚಿದ ಪೆಟ್ಟಿಗೆಗೆ ಮಾರಿದ ದಿನ ಬಿಟ್ಟರೆ ಬೇರೆ ಗಳಿಕೆಯಿಲ್ಲ.

ತೆರೆದ ಪೆಟ್ಟಿಗೆಯ ಮಾತೇ ಬೇರೆ. ಇಂದಿನ ಲೆಗೊ ಇಟ್ಟಿಗೆಯ ಜೋಡಣೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ವರ್ಷದ ಇಟ್ಟಿಗೆ ಇಂದಿನ ಇಟ್ಟಿಗೆಗೆ ಈಗಲೂ ಗಟ್ಟಿಯಾಗಿ ಕೂಡುತ್ತದೆ. ಅಣ್ಣ ಆಡಿದ್ದನ್ನು ತಂಗಿ ಆಡಬಹುದು, ಅವಳ ಮಕ್ಕಳೂ ಆಡಬಹುದು, ಹೊಸದನ್ನು ಯಾವಾಗ ಬೇಕಾದರೂ ಸೇರಿಸಬಹುದು. ಎಲ್ಲ ತುಣುಕು ಮತ್ತು ಜೋಡಣೆಯ ಪುಸ್ತಕ ಜೋಪಾನವಾಗಿದ್ದರೆ ಆಡಿದ ಸೆಟ್ಟಿಗೂ ಸೆಕೆಂಡ್ ಹ್ಯಾಂಡ್ ದರ ಸಿಗುತ್ತದೆ. ನಿಲ್ಲುವ ಮುನ್ನದ ರಿಯಾಯಿತಿ ನಿಜವಾಗಿ ಲಾಭವಾಗುವುದು ಇಂಥ ಮನೆಗಳಿಗೆ, ಗಳಿಕೆಗಾಗಿ ಅವರು ಐದು ವರ್ಷ ಕಾಯಬೇಕಾಗಿಲ್ಲ. ಜತ್ತ ತಾಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಶಾಲೆಗಳಿವೆ. ಊರು ಬಿಟ್ಟು ಪುಣೆ, ಬೆಂಗಳೂರು ಸೇರಿ ಕೈತುಂಬ ಸಂಬಳ ಪಡೆಯುವವರು ಹೂಡಿಕೆಗೆಂದು ಐದು ಪೆಟ್ಟಿಗೆ ಕೊಳ್ಳುವ ಬದಲು ಎರಡನ್ನು ತಮ್ಮ ಊರಿನ ಶಾಲೆಗೆ ಕೊಟ್ಟರೆ ಒಂದು ತರಗತಿಯ ಮಕ್ಕಳು ಅದರಿಂದ ಸೇತುವೆ, ಗಿರಣಿ, ಏನು ಬೇಕಾದರೂ ಕಟ್ಟಿಯಾರು. ಚಿತ್ರ ನೋಡಿ ಹಂತ ಹಂತವಾಗಿ ಜೋಡಿಸುವ ಆ ಪುಸ್ತಕಕ್ಕೆ ಭಾಷೆಯ ತೊಡಕೂ ಇಲ್ಲ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಬೇಕು. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ. ಸಣ್ಣ ಇಟ್ಟಿಗೆಗಳ ಸೆಟ್ಟನ್ನು ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು, ಗಂಟಲಿಗೆ ಸಿಕ್ಕುವ ಅಪಾಯವಿದೆ. ಅವರಿಗೆಂದೇ ದೊಡ್ಡ ಗಾತ್ರದ ಡ್ಯೂಪ್ಲೊ ಇಟ್ಟಿಗೆಗಳು ಸಿಗುತ್ತವೆ.