ಬಾಗಿಲಿಲ್ಲದ ಲೋಕಗಳು

ಕಳೆದ ವರ್ಷ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಭೌತವಿಜ್ಞಾನದಲ್ಲಿ ತೇರ್ಗಡೆಯಾಗಲಿಲ್ಲ. ಏಕೆ ಹೀಗಾಯಿತೆಂದು ವಿಚಾರಿಸಲು, ಅವನು ನಗುತ್ತ, "ಇನ್ನೊಂದು ವಿಶ್ವದಲ್ಲಿ ನಾನು ಪಾಸಾಗಿದ್ದೇನೆ ಸಾರ್, ಎವರೆಟ್ ಹೇಳಿದ್ದಾನಲ್ಲ" ಎಂದನು. ಎವರೆಟ್ಟನ ಹೆಸರು ನಮ್ಮ ಪಠ್ಯಪುಸ್ತಕದಲ್ಲಿಲ್ಲ. ಎಲ್ಲಿ ಓದಿದೆಯೆಂದು ಕೇಳಿದೆವು. ವಿಡಿಯೋ ಆಟವೊಂದನ್ನು ಆಡುತ್ತ ಕುತೂಹಲ ಹುಟ್ಟಿ, ಅದರ ಬೆನ್ನು ಹತ್ತಿ ಹುಡುಕಿದನಂತೆ. ಒಂದು ಆಟ ಹುಡುಗನನ್ನು ಕ್ವಾಂಟಮ್ ಸಿದ್ಧಾಂತದ ಹೊಸಿಲಿನವರೆಗೆ ಕರೆತಂದಿತೆಂದು ನಮಗೆ ಸಂತೋಷವೇ ಆಯಿತು. ಆದರೆ ಅವನು ಅಲ್ಲಿಂದ ಕೊಂಡು ಬಂದ ಸಮಾಧಾನ ಎವರೆಟ್ಟನ ಅಂಗಡಿಯ ಸರಕಲ್ಲ. ಈ ಲೇಖನಕ್ಕೆ ಅದೇ ಕಾರಣ.

ಆ ಆಟದ ಹೆಸರು 'ಬಯೋಶಾಕ್ ಇನ್ಫಿನಿಟ್'. ಕೆನ್ ಲೆವಿನ್ ಎಂಬವರ ನೇತೃತ್ವದಲ್ಲಿ ಅಮೆರಿಕದ ಇರ‍್ಯಾಷನಲ್ ಗೇಮ್ಸ್ ಸಂಸ್ಥೆ ಅದನ್ನು 2013ರಲ್ಲಿ ಹೊರತಂದಿತು. ಕಥೆ ನಡೆಯುವುದು 1912ರಲ್ಲಿ, ಆಕಾಶದಲ್ಲಿ ತೇಲುವ ಕೊಲಂಬಿಯ ಎಂಬ ನಗರದಲ್ಲಿ. ಬುಕರ್ ಡಿವಿಟ್ ಎಂಬವನು ಎಲಿಜಬೆತ್ ಎಂಬ ತರುಣಿಯನ್ನು ಅಲ್ಲಿಂದ ಬಿಡಿಸಿ ತರಲು ಹೋಗುತ್ತಾನೆ. ಗಾಳಿಯಲ್ಲಿ ಸೀಳು ತೆರೆದು ಬೇರೊಂದು ವಿಶ್ವಕ್ಕೆ ದಾಟುವ ಶಕ್ತಿ ಆಕೆಗಿದೆ. ಒಂದೆಡೆ ಕೋವಿ ತಯಾರಿಸುವವನೊಬ್ಬನು ಸತ್ತು ಬಿದ್ದಿರುತ್ತಾನೆ. ಇವರು ಸೀಳಿನ ಮೂಲಕ ಅವನು ಬದುಕಿರುವ ವಿಶ್ವಕ್ಕೆ ಹೋಗುತ್ತಾರೆ. ಈ ದಾಟುವಿಕೆಗೆ ಬೆಲೆಯುಂಟು. ಹಿಂದಿನ ವಿಶ್ವದಲ್ಲಿ ಬುಕರನ ಕೈಯಿಂದ ಸತ್ತ ಕಾವಲುಗಾರರು ಹೊಸ ವಿಶ್ವದಲ್ಲಿ ಬದುಕಿಯೂ ಬದುಕಿಲ್ಲದವರಂತೆ, ಮೂಗಿನಿಂದ ರಕ್ತ ಸುರಿಯುತ್ತ, ತಮ್ಮ ಸಾವಿನ ನೆನಪಿನಿಂದ ತತ್ತರಿಸುತ್ತ ನಿಂತಿರುತ್ತಾರೆ. ಇಂಥ ಚಿತ್ರವನ್ನು ಕಲ್ಪಿಸಿದವರನ್ನು ಮೆಚ್ಚಲೇಬೇಕು.

ಆಟದ ವಿಜ್ಞಾನಿ ರೋಸಲಿಂಡ್ ಲುಟೀಸ್ ಎಂಬಾಕೆ. ಆಕೆ ಒಂದು ಪರಮಾಣುವನ್ನು ಅಂತರಾಳದಲ್ಲಿ ನಿಲ್ಲಿಸಿ ಪರೀಕ್ಷಿಸುತ್ತಿರುವಾಗ, ನೆರೆಯ ವಿಶ್ವದಲ್ಲಿ ಅದೇ ಪರಮಾಣುವನ್ನು ರಾಬರ್ಟ್ ಎಂಬವನು ಪರೀಕ್ಷಿಸುತ್ತಿರುತ್ತಾನೆ. ಅವನು ಬೇರಾರೂ ಅಲ್ಲ, ಗಂಡಾಗಿ ಹುಟ್ಟಿದ ಆಕೆಯೇ. ಯಂತ್ರವನ್ನು ಹಚ್ಚುತ್ತ ಆರಿಸುತ್ತ, ತಂತಿಯ ಕಟ್ಟುಕಡ ಸದ್ದಿನ ರೀತಿಯಲ್ಲಿ, ಇಬ್ಬರೂ ಮಾತನಾಡಲಾರಂಭಿಸುತ್ತಾರೆ. ಕ್ವಾಂಟಮ್ ಬಲವಿಜ್ಞಾನ ತನ್ನ ಪೂರ್ಣರೂಪವನ್ನು ಪಡೆದದ್ದು 1925-26ರಲ್ಲಿ. ಈ ಮಹಿಳೆಗೆ ಕತೆಗಾರರು ಮೂವತ್ತು ವರ್ಷಕ್ಕೂ ಹೆಚ್ಚು ಮುಂಗಡ ಕೊಟ್ಟಿದ್ದಾರೆ. ಅದು ಹೋಗಲಿ. ಎರಡು ವಿಶ್ವಗಳ ನಡುವಣ ಈ ತಂತಿವಾರ್ತೆ ಸಾಧ್ಯವೆ ಎಂಬುದೇ ಮುಖ್ಯ ಪ್ರಶ್ನೆ.

ಹ್ಯೂ ಎವರೆಟ್ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಜಾನ್ ವೀಲರರ ಶಿಷ್ಯ. 1957ರಲ್ಲಿ ಪ್ರಕಟವಾದ ಅವನ ಪ್ರಬಂಧದ ಶೀರ್ಷಿಕೆಯಲ್ಲಿ 'ಲೋಕ' ಎಂಬ ಶಬ್ದವೇ ಇಲ್ಲ. ಇರುವುದು 'ಸಾಪೇಕ್ಷ ಸ್ಥಿತಿ'. 'ಬಹುಲೋಕ' ಎಂಬ ಮಾತನ್ನು ಅದಕ್ಕೆ ಅಂಟಿಸಿ 1970ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಬ್ರೈಸ್ ಡಿವಿಟ್. (ಆಟದ ನಾಯಕನಿಗೂ ಇದೇ ಮನೆತನದ ಹೆಸರಿರುವುದನ್ನು ವಾಚಕರು ಗಮನಿಸಿರಬಹುದು.) ಎವರೆಟ್ಟನ ವಾದ ಸರಳ. ಇಲೆಕ್ಟ್ರಾನು ಎರಡು ಸೀಳುಗಂಡಿಗಳ ಮೂಲಕವೂ ಅಲೆಯಂತೆ ಸಾಗುವುದೆಂದು ಸಮೀಕರಣ ಹೇಳುತ್ತದೆ. ಆದರೆ ನಾವು ಅಳೆದು ನೋಡಿದಾಗ ಅದು ಯಾವುದೋ ಒಂದೆಡೆ ಮಾತ್ರ ಕಾಣುತ್ತದೆ. ಉಳಿದ ಸಾಧ್ಯತೆಗಳು ಎಲ್ಲಿ ಹೋದುವು? ಎಲ್ಲಿಗೂ ಹೋಗಿಲ್ಲ, ಅಳೆಯುವ ಉಪಕರಣವೂ ಅಳೆದವನೂ ಅಲೆಯೊಡನೆ ಕವಲೊಡೆದಿದ್ದಾರೆ ಎಂಬುದು ಅವನ ಉತ್ತರ. ಇದನ್ನು ಎಲ್ಲ ಭೌತವಿಜ್ಞಾನಿಗಳೂ ಒಪ್ಪುವುದಿಲ್ಲ. ಒಪ್ಪುವವರೂ ಸಣ್ಣ ಸಂಖ್ಯೆಯವರಲ್ಲ.

ಒಪ್ಪಿದೆವೆಂದೇ ಇಟ್ಟುಕೊಳ್ಳೋಣ. ಷ್ರೋಡಿಂಗರನ ಸಮೀಕರಣಕ್ಕೆ 'ರೇಖೀಯ'ತೆಯೆಂಬ ಗುಣವುಂಟು. ಕೆರೆಯಲ್ಲಿ ಎರಡು ಕಲ್ಲುಗಳನ್ನು ಒಗೆಯಿರಿ. ಒಂದರ ಉಂಗುರಗಳು ಇನ್ನೊಂದರ ಉಂಗುರಗಳನ್ನು ಹಾದು, ಏನೂ ಆಗಲಿಲ್ಲವೆಂಬಂತೆ ಮುಂದೆ ಸಾಗುತ್ತವೆ. ಎರಡೂ ಕೂಡಿದೆಡೆ ನೀರು ಏರಬಹುದು, ಇಳಿಯಬಹುದು, ಆದರೆ ಒಂದರ ಚಲನೆಯನ್ನು ಇನ್ನೊಂದು ತಿದ್ದಲಾರದು. ಎವರೆಟ್ಟನ ಕವಲುಗಳೂ ಹಾಗೆಯೇ. ಇಲೆಕ್ಟ್ರಾನಿನಂಥ ಕಣದಲ್ಲಾದರೆ ಎರಡು ಕವಲುಗಳು ಮತ್ತೆ ಕೂಡಿ ಪರದೆಯ ಮೇಲೆ ಪಟ್ಟೆಗಳನ್ನು ಮೂಡಿಸಬಲ್ಲುವು. ಆದರೆ ಮನುಷ್ಯನಷ್ಟು, ಮೇಜಿನಷ್ಟು, ಧೂಳಿನ ಕಣದಷ್ಟು ದೊಡ್ಡ ವಸ್ತುವಾದರೆ, ಗಾಳಿಯ ಅಣುಗಳೂ ಬೆಳಕಿನ ಕಣಗಳೂ ಅದಕ್ಕೆ ತಾಗಿ, ಅದರ ಸ್ಥಿತಿಯ ಗುರುತನ್ನು ಹೊತ್ತು ಕ್ಷಣಮಾತ್ರದಲ್ಲಿ ದಿಕ್ಕುದಿಕ್ಕಿಗೆ ಚೆದರಿಬಿಡುತ್ತವೆ. ಅವೆಲ್ಲವನ್ನೂ ಹಿಂದಕ್ಕೆ ಕರೆದು ಕವಲುಗಳನ್ನು ಮತ್ತೆ ಹೊಲಿಯುವ ಸೂಜಿ ಯಾರ ಬಳಿಯೂ ಇಲ್ಲ. 1970ರಲ್ಲಿ ಜರ್ಮನಿಯ ಡೀಟರ್ ಜ಼ೇ ಈ ವಿಚಾರವನ್ನು ಮೊದಲು ಎತ್ತಿ ತೋರಿಸಿದರು.

ಇನ್ನು ತಂತಿವಾರ್ತೆಯ ವಿಷಯ. 1989ರಲ್ಲಿ ಸ್ಟೀವನ್ ವೈನ್‌ಬರ್ಗ್, ಕ್ವಾಂಟಮ್ ಸಮೀಕರಣ ನಿಜವಾಗಿಯೂ ರೇಖೀಯವೆ ಎಂದು ಪರೀಕ್ಷಿಸುವ ಸಲುವಾಗಿ, ಅದಕ್ಕೊಂದು ಸಣ್ಣ ತಿದ್ದುಪಡಿಯನ್ನು ಸೂಚಿಸಿದರು. ಅಂಥ ತಿದ್ದುಪಡಿ ಸತ್ಯವಾದರೆ ಏನಾದೀತೆಂದು 1991ರಲ್ಲಿ ಜೋಸೆಫ್ ಪೋಲ್ಚಿನ್ಸ್ಕಿ ಲೆಕ್ಕ ಹಾಕಿದರು. ಬಂದ ಫಲ ಸೋಜಿಗದ್ದು: ಸಂಕೇತಗಳು ಬೆಳಕಿಗಿಂತ ವೇಗವಾಗಿ ಓಡಬೇಕು, ಇಲ್ಲವಾದರೆ ಒಂದು ಕವಲಿನವನು ಇನ್ನೊಂದು ಕವಲಿನವನೊಡನೆ ಮಾತನಾಡಬಲ್ಲವನಾಗಬೇಕು. ಈ ಎರಡನೆಯದಕ್ಕೆ ಅವರಿಟ್ಟ ಹೆಸರು 'ಎವರೆಟ್ ಫೋನ್'. ರೋಸಲಿಂಡಳ ಯಂತ್ರ ಇದೇ ಅಲ್ಲವೆ? ಆದರೆ ಸಮೀಕರಣದ ರೇಖೀಯತೆಯಲ್ಲಿ ಕೊರತೆಯನ್ನು ಹುಡುಕಿದ ಪ್ರಯೋಗಗಳು ಬಹು ಸೂಕ್ಷ್ಮವಾದವು. ಅವುಗಳಿಗೆ ಅಂಥ ಕೊರತೆ ಇದುವರೆಗೆ ಕಂಡಿಲ್ಲ. ಎಂದರೆ ಎವರೆಟ್ಟನ ಲೋಕಗಳಿದ್ದರೂ ಅವುಗಳ ನಡುವೆ ಬಾಗಿಲಿಲ್ಲ, ಕಿಟಕಿಯಿಲ್ಲ, ಫೋನೂ ಇಲ್ಲ.

ನಮ್ಮ ವಿದ್ಯಾರ್ಥಿಯ ಸಮಾಧಾನದಲ್ಲಿ ಇನ್ನೂ ಒಂದು ತಪ್ಪಿದೆ. ಮನುಷ್ಯನು 'ಓದಲೊ, ಬಿಡಲೊ' ಎಂದು ತೀರ್ಮಾನಿಸಿದಾಗಲೆಲ್ಲ ವಿಶ್ವ ಎರಡಾಗುವುದೆಂದು ಎವರೆಟ್ ಹೇಳಲಿಲ್ಲ. ಕವಲೊಡೆಯುವುದು ಪರಮಾಣುಗಳ ಮಟ್ಟದ ಘಟನೆಗಳಿಂದ. ಪ್ರತಿಯೊಂದು ಕವಲಿಗೂ ಅದರದರ ತೂಕವುಂಟು. ಪುಸ್ತಕ ಬಿಚ್ಚದೆ ಪರೀಕ್ಷೆಗೆ ಹೋದವನು, ಅಂದಿನಿಂದ ಕವಲೊಡೆದ ಲೋಕಗಳಲ್ಲಿ ತೂಕವುಳ್ಳ ಎಲ್ಲದರಲ್ಲಿಯೂ ಪುಸ್ತಕ ಬಿಚ್ಚದವನಾಗಿಯೇ ಕುಳಿತಿರುತ್ತಾನೆ. ಇದನ್ನು ಹೇಳಿದಾಗ ಹುಡುಗನ ಮುಖ ಸ್ವಲ್ಪ ಬಾಡಿತು.

ಹಾಗಾದರೆ ಆಟಗಾರರು ಕತೆಯಿಂದ ಅನ್ಯವಿಶ್ವಗಳನ್ನು ತೆಗೆದುಹಾಕಬೇಕೆ? ಖಂಡಿತ ಬೇಡ. ಕತೆಗೆ ಭೌತವಿಜ್ಞಾನದ ಪರವಾನಗಿ ಬೇಕಿಲ್ಲ. ಯೋಗವಾಸಿಷ್ಠದಲ್ಲಿ ಲೀಲೆಯೆಂಬ ರಾಣಿ, ತೀರಿಕೊಂಡ ತನ್ನ ಪತಿ ಅದೇ ಅಂತಃಪುರದೊಳಗಿನ ಮತ್ತೊಂದು ಲೋಕದಲ್ಲಿ ಅರಸನಾಗಿರುವುದನ್ನು ಕಾಣುತ್ತಾಳೆ. ಅದನ್ನು ಓದಿ ಯಾರೂ ಸಮೀಕರಣ ಕೇಳುವುದಿಲ್ಲ. (ಅಲ್ಲಿ ಕ್ವಾಂಟಮ್ ಸಿದ್ಧಾಂತವಿತ್ತೆಂದು ಸಾಧಿಸಹೊರಡುವವರೂ ದಯವಿಟ್ಟು ಸುಮ್ಮನಿರಬೇಕು.) ನಮ್ಮ ತಕರಾರು ಬೇರೆ. ಸಾಮಾನ್ಯವಾಗಿ ವಿಡಿಯೋ ಆಟದಲ್ಲಿ ಆಡುವವನು ಆಟವನ್ನು ಒಂದು ಹಂತದಲ್ಲಿ ಉಳಿಸಿಟ್ಟು, ಒಂದು ದಾರಿಯನ್ನು ಹಿಡಿದು ನೋಡಿ, ಕೆಟ್ಟರೆ ಹಿಂದಿರುಗಿ ಇನ್ನೊಂದನ್ನು ಹಿಡಿಯಬಹುದು. ಬಾಗಿಲು ಅಲ್ಲಿ ಮೊದಲೇ ತೆರೆದಿದೆ. ಅದರ ಮೇಲೆ ಕತೆಯೂ ಲೋಕಲೋಕಗಳಿಗೆ ಬಾಗಿಲು ತೆರೆದರೆ ಯಾವ ಕಾರ್ಯಕ್ಕೂ ಭಾರವಿರುವುದಿಲ್ಲ.

ಈ ಭಾರವನ್ನು ಉಳಿಸಿಕೊಂಡ ಆಟಗಳೇ ನಮಗೆ ಹೆಚ್ಚು ಪ್ರಿಯ. ಟೋಬಿ ಫಾಕ್ಸರ 'ಅಂಡರ್‌ಟೇಲ್' (2015) ಒಂದು. ಅದರಲ್ಲಿ ಎಲ್ಲರನ್ನೂ ಕೊಂದು ಆಟ ಮುಗಿಸಿದವನು, ಮತ್ತೆ ಮೊದಲಿನಿಂದ ಆರಂಭಿಸಿ ಎಲ್ಲರನ್ನೂ ಉಳಿಸಿದರೂ, ಆ ಸುಖಾಂತ್ಯಕ್ಕೆ ಹಿಂದಿನ ಕಲೆ ಅಂಟಿಕೊಂಡೇ ಇರುತ್ತದೆ. ಇನ್ನೊಂದು ಜಪಾನಿನ ಸ್ಕ್ವೇರ್ ಸಂಸ್ಥೆಯ 'ಕ್ರೋನೋ ಕ್ರಾಸ್' (1999). ಇದರಲ್ಲಿ ಸೆರ್ಜ್ ಎಂಬ ಹದಿನೇಳರ ಹುಡುಗ ಕಡಲ ತೀರದಿಂದ ತನ್ನ ಹಳ್ಳಿಗೆ ಮರಳುತ್ತಾನೆ. ಹಳ್ಳಿ ಅದೇ, ಮನೆಗಳು ಅವೇ. ಗೆಳತಿ ಲೀನಾ ಮಾತ್ರ ಅವನನ್ನು ಗುರುತಿಸುವುದಿಲ್ಲ. ಆ ಹೆಸರಿನ ಹುಡುಗ ಹತ್ತು ವರ್ಷಗಳ ಹಿಂದೆ ಮುಳುಗಿ ಸತ್ತನೆಂದು ಆಕೆ ಹೇಳುತ್ತಾಳೆ. ಅವನು ಭೂಶಿರದ ತುದಿಗೆ ಹೋಗಿ ತನ್ನ ಹೆಸರು ಕೆತ್ತಿದ ಸಮಾಧಿಯ ಮುಂದೆ ನಿಲ್ಲುತ್ತಾನೆ. ಇಲ್ಲಿಯೂ ಲೋಕಗಳ ನಡುವೆ ದಾರಿಯಿದೆ, ಭೌತವಿಜ್ಞಾನದ ದೃಷ್ಟಿಯಿಂದ ಇದೂ ಅಷ್ಟೇ ತಪ್ಪು. ಆದರೆ ಅನ್ಯವಿಶ್ವ ಇಲ್ಲಿ ಪಾರಾಗುವ ಹಿತ್ತಿಲ ದಾರಿಯಾಗಿಲ್ಲ. ತಾನು ಬದುಕಿರುವುದೇ ಒಂದು ಆಕಸ್ಮಿಕವೆಂದು ಹುಡುಗನಿಗೆ ತಿಳಿಯುವ ಸ್ಥಳವಾಗಿದೆ.

ನಮ್ಮ ವಿದ್ಯಾರ್ಥಿ ಈಗ ಮತ್ತೆ ಪರೀಕ್ಷೆಗೆ ಕಟ್ಟಿದ್ದಾನೆ. ಸಂಜೆ ಬಂದು ಎರಡು ಸೀಳುಗಂಡಿಗಳ ಲೆಕ್ಕವನ್ನು ಮಾಡುತ್ತಾನೆ. ಪಟ್ಟೆಗಳ ಅಂತರದ ಸೂತ್ರದಲ್ಲಿ ಈಗಲೂ ತಪ್ಪುತ್ತಾನೆ. ಕೊಲಂಬಿಯದ ಕತೆಯನ್ನು ಕೊನೆಯವರೆಗೆ ತಾನಿನ್ನೂ ಆಡಿಲ್ಲವೆಂದೂ ಅದನ್ನು ಮುಂಚಿತವಾಗಿ ಹೇಳಬಾರದೆಂದೂ ಕೇಳಿಕೊಂಡಿದ್ದಾನೆ. ಈ ಲೇಖನವನ್ನು ಅವನೂ ಓದುವನಾದುದರಿಂದ ಆ ಮುಕ್ತಾಯವನ್ನು ಇಲ್ಲಿ ಬಿಟ್ಟಿದ್ದೇವೆ.