ಸಂದರ್ಶನವೋ, ಸೋಗಿನ ಪರೀಕ್ಷೆಯೋ?

ಹೊಸಪೇಟೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ಸಂಬಳ ಪಡೆಯುವವನು ನಾನು. ಕಳೆದ ವರ್ಷ ಎರಡು ತಿಂಗಳು ಸಂಜೆಯ ಹೊತ್ತು ಇನ್ನೊಂದು ವಿದ್ಯೆಯನ್ನೂ ಕಲಿಸಿದೆ: ಸುಳ್ಳು ಹೇಳುವ ವಿದ್ಯೆ. ಶಿಷ್ಯ ಕಂಪ್ಲಿ ಕಡೆಯ ಹುಡುಗ, ಬಿ.ಕಾಂ. ಕೊನೆಯ ವರ್ಷ. ಅವನಿಗಿರುವುದು ಆಟಿಸಂ, ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಅದು ಅಂಟುವ ರೋಗವಲ್ಲ, ಹುಚ್ಚೂ ಅಲ್ಲ. ಮನಸ್ಸಿನ ಬೇರೊಂದು ಕಟ್ಟು. ಲೆಕ್ಕದ ಪುಸ್ತಕದಲ್ಲಿ ಒಂದು ರೂಪಾಯಿ ತಪ್ಪಿದ್ದರೂ ಬೆರಳಿಟ್ಟು ತೋರಿಸುವ ಈ ಹುಡುಗ, ಎದುರು ಕೂತವರ ಕಣ್ಣನ್ನು ಮಾತ್ರ ನೋಡಲಾರ.

"ನಿಮ್ಮ ವಿಷಯ ಹೇಳಿ" ಎಂದರೆ ಹುಟ್ಟಿದ ಆಸ್ಪತ್ರೆಯಿಂದ ಆರಂಭಿಸುವನು. ಕೇಳಿದ್ದು ಅದನ್ನೇ ತಾನೆ? "ಐದು ವರ್ಷದ ಮೇಲೆ ಎಲ್ಲಿರುತ್ತೀರಿ?" ಎಂದರೆ, "ಗೊತ್ತಿಲ್ಲ ಸರ್, ಹೇಳಿದರೆ ಸುಳ್ಳಾಗುತ್ತದೆ" ಎನ್ನುವನು. ನಾನು ತಿದ್ದಿದೆ. ಕಣ್ಣು ನೋಡಲಾಗದಿದ್ದರೆ ಹುಬ್ಬನ್ನಾದರೂ ನೋಡು ಎಂದೆ. ಆಗ ಅವನು ಕೇಳಿದ: "ಹುಬ್ಬು ನೋಡಿದರೆ ಲೆಕ್ಕ ಸರಿಬರುತ್ತದೆಯೇ ಸರ್?" 20 ವರ್ಷ ಪಾಠ ಹೇಳಿದ ನನ್ನ ಬಾಯಿ ಕಟ್ಟಿತು.

ಸಂದರ್ಶನವಾಯಿತು. ಯಾವ ಕಚೇರಿಯೆಂಬುದು ಬೇಡ. ಏಳೇ ನಿಮಿಷ; ಲೆಕ್ಕದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. "ಹುಡುಗ ಒಳ್ಳೆಯವನೇ, ಆದರೆ ಮುಖ ಕೊಟ್ಟು ಮಾತಾಡುವುದಿಲ್ಲ" ಎಂದು ತೀರ್ಪು. ಕೆಲಸವಾದರೂ ಯಾವುದು? ಒಳಕೋಣೆಯಲ್ಲಿ ಕೂತು ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುವುದು!

ಸಂಡೂರಿನ ಅದಿರಿಗೆ ಬೆಲೆ ಕಟ್ಟುವವರು ಲಾರಿಯ ಬಣ್ಣ ನೋಡುವುದಿಲ್ಲ. ತೂಕ ಹಾಕುತ್ತಾರೆ, ಮಾದರಿ ತೆಗೆದು ಕಬ್ಬಿಣವೆಷ್ಟಿದೆಯೆಂದು ಪರೀಕ್ಷಿಸುತ್ತಾರೆ. ಕಲ್ಲಿಗೆ ಸಲ್ಲುವ ನ್ಯಾಯ ಮನುಷ್ಯನಿಗೇಕೆ ಸಲ್ಲಬಾರದು?

ಇದು ದಯೆಯ ಬೇಡಿಕೆಯೆಂದು ಯಾರೂ ಮೂಗು ಮುರಿಯಬೇಕಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಆಟಿಸಂ ಒಂದು. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲು, ಅದರಲ್ಲಿ ಶೇ. 1 ಆಟಿಸಂ ಇರುವವರೂ ಸೇರಿದಂತೆ ಕೆಲವು ಬಗೆಯವರ ಪಾಲಿಗೆ. ಸರ್ಕಾರಿ ಕಚೇರಿಗಳು ಇಂಥವರಿಗೆ ತಕ್ಕ ಅನುಕೂಲ ಒದಗಿಸಬೇಕೆಂದೂ ಅದೇ ಕಾಯ್ದೆ ವಿಧಿಸಿದೆ. ಕೇಂದ್ರ ಸರ್ಕಾರವಂತೂ 2016ರ ಜನವರಿಯಿಂದ ತನ್ನ ಗ್ರೂಪ್ 'ಸಿ' ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಜರ್ಮನಿಯ ಸ್ಯಾಪ್ ಕಂಪೆನಿ ಆಟಿಸಂ ಇರುವವರನ್ನು ನೇಮಿಸುವ ಯೋಜನೆಯನ್ನು ಸಾರಿದ್ದು 2013ರಲ್ಲಿ. ಅದಕ್ಕೆ ಮುಂಚಿನ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ.

ಗಿರಾಕಿಗಳೊಡನೆ ವ್ಯವಹರಿಸುವ ಕೆಲಸಕ್ಕೆ ಮಾತು ಬೇಡವೇ ಎನ್ನುವಿರಿ. ಬೇಕು, ಅಂಥ ಕೆಲಸಕ್ಕೆ ಮಾತನ್ನೇ ಪರೀಕ್ಷಿಸಿ. ಆಟಿಸಂ ಇರುವವರೆಲ್ಲರೂ ಲೆಕ್ಕದಲ್ಲಿ ಜಾಣರೆಂದು ನಾನು ಹೇಳುವುದಿಲ್ಲ; ಒಬ್ಬೊಬ್ಬರದು ಒಂದೊಂದು ಬಗೆ. ನನ್ನ ವಾದವಿಷ್ಟೆ: ಯಾವ ಕೆಲಸಕ್ಕೆ ಕರೆದಿರೋ ಆ ಕೆಲಸವನ್ನೇ ಕೊಟ್ಟು ನೋಡಿ. ಪ್ರಶ್ನೆಗಳನ್ನು ಎರಡು ದಿನ ಮೊದಲೇ ಬರೆದು ಕಳುಹಿಸಿ. ಗದ್ದಲವಿಲ್ಲದ ಕೋಣೆಯಲ್ಲಿ ಒಂದು ಸಲಕ್ಕೆ ಒಂದನ್ನೇ ನೇರವಾಗಿ ಕೇಳಿ. ಇದಕ್ಕೆ ತಗಲುವ ಖರ್ಚು ಒಂದು ಹಾಳೆ ಕಾಗದ, ಅರ್ಧ ದಿನದ ತಾಳ್ಮೆ.

ನನ್ನ ತಪ್ಪನ್ನೂ ಒಪ್ಪುತ್ತೇನೆ. ಕಚೇರಿಗಳನ್ನು ತಿದ್ದುವುದು ಕಷ್ಟವೆಂದು ಹುಡುಗನನ್ನು ತಿದ್ದಹೊರಟೆ. ಹುಬ್ಬಿನ ಪಾಠ ಈಗ ನಿಂತಿದೆ. ಅರ್ಜಿಯ ಜೊತೆಗಿಡಲು ಅವನೇ ಒಂದು ಪತ್ರ ಬರೆದಿದ್ದಾನೆ, ನಾನು ತಿದ್ದಿದ್ದು ಎರಡು ಕಾಗುಣಿತವನ್ನಷ್ಟೆ: "ನಾನು ಮುಖ ನೋಡಿ ಮಾತಾಡಲಾರೆ. ಲೆಕ್ಕ ಕೊಡಿ, ಮಾಡಿ ತೋರಿಸುತ್ತೇನೆ."

ಮುಂದಿನ ತಿಂಗಳು ಇನ್ನೊಂದು ಸಂದರ್ಶನವಿದೆ.