ಕಣ್ಣಿಗೂ ಲೆಕ್ಕವಿದೆ

ಮನುಷ್ಯನ ದೇಹವನ್ನು ಕತ್ತರಿಸುವ ದೃಶ್ಯವನ್ನು ನೋಡಿ ಹೊತ್ತು ಕಳೆಯುವುದು ಇಂದು ಒಂದು ಹವ್ಯಾಸವಾಗಿಬಿಟ್ಟಿದೆ. ಅದಕ್ಕೆ ಹಾರರ್ ಎಂಬ ಹೆಸರಿದೆ, ಅಭಿಮಾನಿಗಳ ಬಳಗವಿದೆ, ಅದನ್ನು ಕಲೆಯೆಂದು ಸಮರ್ಥಿಸುವ ವಿಮರ್ಶಕರೂ ಇದ್ದಾರೆ. ಕಲಬುರಗಿ ನಗರದ ಕಾಲೇಜು ವಿದ್ಯಾರ್ಥಿಯ ಮೊಬೈಲ್‌ಗಾಗಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ತೋಟದಲ್ಲಿ ದುಡಿಯುವ ಯುವಕನ ಮೊಬೈಲ್‌ಗಾಗಲಿ ಟೋಕಿಯೊ ಈಗ ದೂರವಲ್ಲ. ಆದುದರಿಂದ ಜಪಾನಿನ ಸಿನಿಮಾದ ಕುರಿತು ಇಲ್ಲಿ ಚರ್ಚಿಸುವುದು ಅಪ್ರಸ್ತುತವೆಂದು ಯಾರೂ ಭಾವಿಸಬೇಕಾಗಿಲ್ಲ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ನಮ್ಮ ಆಕ್ಷೇಪ ಭಯದ ಕಥೆಗಳ ಮೇಲಲ್ಲ, ಜಪಾನಿನ ಮೇಲೂ ಅಲ್ಲ. ಮಸಾಕಿ ಕೊಬಯಾಶಿಯವರ 'ಕ್ವೈದಾನ್' (1964) ಮತ್ತು ಹಿದೆಯೊ ನಕಾಟರ 'ರಿಂಗು' (1998) ರಕ್ತದ ಹೊಳೆ ಹರಿಸದೆಯೇ ನೋಡುಗರನ್ನು ನಡುಗಿಸಿದವು. ಭಯ ಹುಟ್ಟಿಸಲು ಕ್ರೌರ್ಯ ಅನಿವಾರ್ಯವಲ್ಲ ಎಂಬುದಕ್ಕೆ ಆ ದೇಶವೇ ಸಾಕ್ಷಿ.

ಆದರೆ ಅಲ್ಲಿಯೇ ಇನ್ನೊಂದು ಧಾರೆಯೂ ಹುಟ್ಟಿತು. 1985ರಲ್ಲಿ ಆರಂಭವಾದ 'ಗಿನಿ ಪಿಗ್' ಸರಣಿಯ ಎರಡನೆಯ ಚಿತ್ರದಲ್ಲಿ ಕಥೆ ಹೆಸರಿಗೆ ಮಾತ್ರ. ಅಪಹೃತ ಹೆಣ್ಣೊಬ್ಬಳ ಅಂಗಗಳನ್ನು ಒಂದೊಂದಾಗಿ ಬೇರ್ಪಡಿಸುವುದೇ ಅದರ ವಸ್ತು. 1991ರಲ್ಲಿ ಅದನ್ನು ನೋಡಿದ ಅಮೆರಿಕದ ನಟ ಚಾರ್ಲಿ ಶೀನ್ ನಿಜವಾದ ಕೊಲೆಯೆಂದೇ ನಂಬಿ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐಗೆ ತಿಳಿಸಿದರು. ಎಲ್ಲವೂ ಬಣ್ಣ, ರಬ್ಬರು ಎಂದು ತಿಳಿದ ಮೇಲೆ ವಿಷಯ ಮುಗಿಯಿತೆಂದು ಅನೇಕರು ಭಾವಿಸಿದರು. ನಮ್ಮ ಪ್ರಶ್ನೆ ಅಲ್ಲಿಂದಲೇ ಆರಂಭವಾಗುತ್ತದೆ. ನಿಜವಾದ ಕೊಲೆಯಂತೆಯೇ ಕಾಣಿಸುವುದು ನಿರ್ಮಾಪಕನ ಹೆಮ್ಮೆಯಾದರೆ, ಹಣ ಕೊಟ್ಟು ನೋಡುವವನು ಬಯಸುತ್ತಿರುವುದಾದರೂ ಏನನ್ನು? 2009ರಲ್ಲಿ ಕೋಜಿ ಶಿರೈಶಿಯವರ 'ಗ್ರೊಟೆಸ್ಕ್' ಚಿತ್ರಕ್ಕೆ ಬ್ರಿಟನ್ನಿನ ವರ್ಗೀಕರಣ ಮಂಡಳಿ ವಯಸ್ಕರ ಪ್ರಮಾಣಪತ್ರವನ್ನೂ ನಿರಾಕರಿಸಿತು. ಆ ನಿರಾಕರಣೆಯೇ ಚಿತ್ರಕ್ಕೆ ಪ್ರಚಾರವಾಯಿತು.

ಇದು ಪರದೇಶದ ರೋಗವೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. 2012ರ ಕನ್ನಡ ಚಿತ್ರ 'ದಂಡುಪಾಳ್ಯ' ಮನೆಗಳಿಗೆ ನುಗ್ಗಿ ಕೊಲೆ, ದರೋಡೆ ನಡೆಸಿದ ನಿಜವಾದ ತಂಡವೊಂದನ್ನು ಆಧರಿಸಿತ್ತು. ಅದರ ಮುಂದಿನ ಭಾಗಗಳೂ ಬಂದವು. ಕೊಲೆಯಾದವರಿಗೂ ಮನೆಯಿತ್ತು, ಮಕ್ಕಳಿದ್ದರು. ಅವರ ಕೊನೆಯ ಗಳಿಗೆಯ ಮೇಲೆ ಟಿಕೆಟು ಮಾರುವ ಹಕ್ಕನ್ನು ಕೊಟ್ಟವರು ಯಾರು?

ಕ್ರೌರ್ಯದ ಸಮರ್ಥಕರ ಬಳಿ ಒಂದು ಬಲವಾದ ವಾದವಿದೆ. ಕೊಲೆಯ ಪ್ರಮಾಣ ಜಗತ್ತಿನಲ್ಲಿಯೇ ಅತ್ಯಂತ ಕಡಿಮೆ ಇರುವ ದೇಶಗಳಲ್ಲಿ ಜಪಾನ್ ಒಂದು. ಹಾಗಿರುವಾಗ ಈ ಚಿತ್ರಗಳಿಂದ ಹಾನಿಯೇನು ಎಂದು ಅವರು ಕೇಳುತ್ತಾರೆ. ಆ ಸತ್ಯವನ್ನು ನಾವು ಒಪ್ಪುತ್ತೇವೆ. ಇಂಥ ಚಿತ್ರ ನೋಡಿದವನು ಮರುದಿನ ಕತ್ತಿ ಹಿಡಿಯುತ್ತಾನೆಂದು ನಾವು ಹೇಳುತ್ತಿಲ್ಲ. ಪರರ ಯಾತನೆಯನ್ನು ಕಂಡಾಗ ಕಲಕಬೇಕಾದ ಹೃದಯ ಅದನ್ನು ಸವಿಯಲು ಕಲಿಯುತ್ತದೆ ಎಂಬುದೇ ನಮ್ಮ ಆರೋಪ. ಪೊಲೀಸ್ ದಾಖಲೆಯಲ್ಲಿ ಈ ಹಾನಿ ಕಾಣಿಸದು.

ಇಸ್ಲಾಮ್ ದೇಹಕ್ಕೆ ಮಾನವಿದೆಯೆಂದು ಕಲಿಸುತ್ತದೆ. ಯುದ್ಧಭೂಮಿಯಲ್ಲಿ ಬಿದ್ದ ಶತ್ರುವಿನ ಶವವನ್ನು ವಿರೂಪಗೊಳಿಸುವುದನ್ನೂ ಪ್ರವಾದಿ ಮುಹಮ್ಮದ್(ಸ) ನಿಷೇಧಿಸಿದರು. ಹಕ್ಕಿಯೊಂದನ್ನು ಕಟ್ಟಿಹಾಕಿ ಅದಕ್ಕೆ ಬಾಣ ಬಿಡುತ್ತಾ ಆಡುತ್ತಿದ್ದ ಯುವಕರನ್ನು ಕಂಡ ಇಬ್ನು ಉಮರ್(ರ), ಜೀವವಿರುವುದನ್ನು ಗುರಿಯಾಗಿಸುವವರನ್ನು ಪ್ರವಾದಿವರ್ಯರು ಶಪಿಸಿದ್ದರೆಂದು ನೆನಪಿಸಿದರು. ಅಲ್ಲಿ ತಪ್ಪಾಗಿದ್ದುದು ಹಕ್ಕಿಯ ನೋವು ಮಾತ್ರವಲ್ಲ, ಆ ನೋವು ಆಟವಾದದ್ದು ಕೂಡ. ಕಿವಿ, ಕಣ್ಣು, ಹೃದಯ ಇವೆಲ್ಲವುಗಳ ಕುರಿತು ವಿಚಾರಣೆಯಿದೆಯೆಂದು ಪವಿತ್ರ ಕುರ್‌ಆನ್ ಎಚ್ಚರಿಸುತ್ತದೆ. ಮೃತದೇಹಕ್ಕೆ ಸ್ನಾನ ಮಾಡಿಸುವವನು ತಾನು ಕಂಡ ಕುಂದನ್ನು ಹೊರಗೆ ಹೇಳಬಾರದೆಂಬ ಶಿಸ್ತು ಇರುವ ಸಮುದಾಯಕ್ಕೆ, ಹರಿದ ದೇಹವನ್ನು ಹತ್ತು ಮಂದಿಗೆ ತೋರಿಸುವುದು ಮನರಂಜನೆ ಆಗುವುದು ಹೇಗೆ?

ಕಲಬುರಗಿಗೆ ಈ ಪಾಠವನ್ನು ಹೊರಗಿನವರು ಹೇಳಬೇಕಾಗಿಲ್ಲ. 1398ರಲ್ಲಿ ತೈಮೂರನ ದಾಳಿಗೆ ತುತ್ತಾದ ದಿಲ್ಲಿಯನ್ನು ತೊರೆದು ದಖ್ಖನ್ನಿನ ಹಾದಿ ಹಿಡಿದ ಹಜ್ರತ್ ಖಾಜಾ ಬಂದೇನವಾಜರಿಗೆ ಆಶ್ರಯವಾದ ನಗರವಿದು. 1948ರಲ್ಲಿ ರಜಾಕಾರರ ಹಾವಳಿಯನ್ನೂ, ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ನಡೆದ ಮುಸ್ಲಿಮರ ಹತ್ಯೆಗಳನ್ನೂ ಈ ಸೀಮೆ ಕಂಡಿದೆ. ರಕ್ತವನ್ನು ನಿಜವಾಗಿ ಕಂಡ ಹಿರಿಯರು ಅದನ್ನು ಬಣ್ಣಿಸಿ ರಂಜಿಸಲಿಲ್ಲ. ಅನೇಕರು ಮೊಮ್ಮಕ್ಕಳ ಮುಂದೆಯೂ ಬಾಯಿ ಬಿಡಲಿಲ್ಲ.

2022ರ ಜೂನ್ 3ರಂದು ಕಮಲಾಪುರದ ಬಳಿ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಅಪಘಾತಕ್ಕೀಡಾಗಿ ಹೊತ್ತಿ ಉರಿಯಿತು. ಕನಿಷ್ಠ 7 ಮಂದಿ ಬಸ್ಸಿನೊಳಗೇ ಸುಟ್ಟುಹೋದರು. ಉರಿಯುವ ಬಸ್ಸಿನ ದೃಶ್ಯಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದವು. ಸುದ್ದಿ ತಿಳಿಯಲು ಒಮ್ಮೆ ನೋಡಿದರೆ ಸಾಕು. ಎರಡನೆಯ ಬಾರಿ ನೋಡುವ ಕಣ್ಣು ಏನನ್ನು ಹುಡುಕುತ್ತದೆ? ರಬ್ಬರಿನ ದೇಹಕ್ಕೆ ಪಳಗಿದ ಕಣ್ಣಿಗೆ ನಿಜವಾದ ದೇಹವೂ ಇನ್ನೊಂದು ದೃಶ್ಯವಾಗಿಯೇ ಕಾಣುವ ಅಪಾಯವನ್ನು ನಾವು ಅಲ್ಲಗಳೆಯಲಾರೆವು.

ಕಾನೂನು ಎಲ್ಲವನ್ನೂ ನೋಡಿಕೊಳ್ಳುತ್ತದೆಯೆಂದು ಕೈಕಟ್ಟಿ ಕೂರುವಂತಿಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಮಾಡಿ 7, 13, 16 ವರ್ಷಗಳ ಮೆಟ್ಟಿಲುಗಳನ್ನು ಸೇರಿಸಲಾಗಿದೆ. ಚಿತ್ರಮಂದಿರದ ಬಾಗಿಲಲ್ಲಿ ನಿಲ್ಲುವ ಆ ಕಾವಲು ಹಾಸಿಗೆಯೊಳಗಿನ ಮೊಬೈಲ್‌ವರೆಗೆ ಬರುವುದಿಲ್ಲ. ಅಂತೆಯೇ, ಸಿನಿಮಾ ಹರಾಮ್ ಎಂದು ಮಿಂಬರ್‌ನಿಂದ ಒಂದೇ ಮಾತಿನಲ್ಲಿ ಮುಗಿಸಿಬಿಡುವ ನಮ್ಮ ಉಪದೇಶಕರೂ ಕರ್ತವ್ಯ ಮುಗಿಸಿದಂತಾಗಲಿಲ್ಲ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಯುವಕನು ಯಾವುದನ್ನೂ ಬಿಡುವುದಿಲ್ಲ. ಯಾವುದು ಕೆಡುಕು, ಏಕೆ ಕೆಡುಕು ಎಂದು ಅವನ ಬಳಿ ಕುಳಿತು ಮಾತನಾಡಬೇಕು.

ನಾವು ನಿಷೇಧಕ್ಕಾಗಿ ಅರ್ಜಿ ಬರೆಯುತ್ತಿಲ್ಲ. ತಂದೆತಾಯಂದಿರು ಮಕ್ಕಳೊಂದಿಗೆ ಕುಳಿತು ಅವರು ಏನು ನೋಡುತ್ತಿದ್ದಾರೆಂದು ಕೇಳಲಿ. ಬೈಗುಳದಿಂದಲ್ಲ, ಕಾಳಜಿಯಿಂದ ಕೇಳಲಿ. ಮಸೀದಿ, ಮದ್ರಸಗಳಲ್ಲಿ ದೇಹದ ಮಾನದ ಬಗ್ಗೆ ಪಾಠವಾಗಲಿ. ಅಪಘಾತದ ಸ್ಥಳದಲ್ಲಿ ನಮ್ಮ ಯುವಕರ ಕೈ ಮೊಬೈಲ್ ಎತ್ತುವ ಮುನ್ನ ಗಾಯಾಳುವಿಗೆ ನೆರವಾಗಲಿ, ಸತ್ತವರ ಮೇಲೆ ಬಟ್ಟೆ ಹೊದಿಸಲಿ.